ಹದಿನೆಂಟನೆಯ ಉಗುರು

ಬಾ, ಒಲೆಯ ಹತ್ತಿರ ಬಾ.
ಟವೆಲು ಬೆಚ್ಚಗಿದೆ. ಕಿಟಕಿಯಾಚೆ ಕರಕೋಲಿನ ಹಿಮ
ಮೂರು ದಿನದಿಂದ ಒಂದೇ ಮಾತು ಆಡುತ್ತಿದೆ.
ನಿನಗೆ ಜೋಲ್ಬೋರ್ಸ್ ಎಂದು ಹೆಸರಿಟ್ಟವಳು ಮೊಮ್ಮಗಳು ಐಜಿರೆಕ್.
ನಮ್ಮ ಕಿರ್ಗಿಜ್ ಮಾತಿನಲ್ಲಿ ಹುಲಿ.
ಹುಲಿಯ ತೂಕ ಮೂರೂವರೆ ಕಿಲೋ,
ಅದರಲ್ಲಿ ಅರ್ಧ ಸಿಟ್ಟು.

ನಾನು ಯಾರು ಗೊತ್ತೇನು ನಿನಗೆ?
ನಲವತ್ತೊಂದು ವರ್ಷ ಲಾಳ ಕಟ್ಟಿದವನು.
ನಾನೂರು ಕಿಲೋದ ಗಂಡು ಕುದುರೆಗಳು
ನನ್ನೆರಡು ಮೊಣಕಾಲ ನಡುವೆ ಗೊರಸಿಟ್ಟು
ಸುಮ್ಮನೆ ನಿಂತು ನೊಣ ಓಡಿಸುತ್ತಿದ್ದವು.
ಎಸೆನ್‌ಕುಲ್ ಹಿಡಿದರೆ ಕುದುರೆಗೆ ನಿದ್ದೆ ಬರುತ್ತದೆ
ಎಂದು ಸಂತೆಯಲ್ಲಿ ಹೇಳಿಕೊಳ್ಳುತ್ತಿದ್ದರು.
ಆ ಎಸೆನ್‌ಕುಲ್‌ನ ಕೈ ನೋಡು ಈಗ,
ಮಣಿಕಟ್ಟಿನಿಂದ ಮೊಣಕೈವರೆಗೆ
ನೀನು ಗೀಚಿದ ಕೆಂಪು ಲೆಕ್ಕ.

ತಪ್ಪು ನಿನ್ನದಲ್ಲ, ಬಿಡು.
ಅಂಗೈಯಗಲದ ಮರಿಯಾಗಿದ್ದಾಗ
ಕಂಬಳಿಯಡಿ ಬೆರಳಾಡಿಸಿ, ಹಿಡಿ, ಕಚ್ಚು
ಎಂದು ನಕ್ಕವನು ನಾನು.
ಕೈಯೆಂದರೆ ಇಲಿ ಎಂದು ಪಾಠ ಹೇಳಿಕೊಟ್ಟು
ಹಲ್ಲು ಬಲಿತ ಮೇಲೆ ಬೈದರೆ
ಯಾವ ನ್ಯಾಯ?

ಕಳೆದ ತಿಂಗಳು ಗೊರಸು ಹಿಡಿದ ಹಾಗೇ ನಿನ್ನ ಕಾಲು ಹಿಡಿದೆ,
ಬಿಗಿಯಾಗಿ, ಇದೇನು ಮಹಾ ಎಂಬಂತೆ.
ಬೆಳಕು ಮಂದ, ಕನ್ನಡಕ ಅಲಮಾರಿನಲ್ಲಿ.
ಕಟಕ್.
ಉಗುರಿನೊಳಗಿನ ಜೀವಕ್ಕೇ ಕತ್ತರಿ ಬಿತ್ತು.
ಐಜಿರೆಕ್ ಓಡಿ ಬಂದು ಚಿಟಿಕೆ ಹಿಟ್ಟು ಒತ್ತಿ ಹಿಡಿದಳು,
ರಕ್ತ ನಿಂತಿತು.
ನೀನು ಮಾತ್ರ ಎರಡು ದಿನ
ಸೌದೆ ರಾಶಿಯ ಹಿಂದೆ
ಎರಡು ಹಳದಿ ದೀಪವಾಗಿ ಉಳಿದೆ.

ಆ ನೋಟ ನನಗೆ ಹೊಸದಲ್ಲ.
ಬುರ್ಮಾಕಾನಳ ಬೂದು ಹೆಣ್ಣು ಕುದುರೆ.
ಅವಸರದಲ್ಲಿ ಹೊಡೆದ ಮೊಳೆ ಕೂದಲೆಳೆಯಷ್ಟು ಒಳಗೆ ಹೋಯಿತು.
ಅದು ಒದೆಯಲಿಲ್ಲ,
ಕತ್ತು ತಿರುಗಿಸಿ ನೋಡಿತು, ಅಷ್ಟೆ.
ಮೂರು ವಾರ ಕುಂಟಿತು.
ಕೂಲಿ ಬೇಡವೆಂದೆ. ಆಕೆ ಎಣಿಸಿ
ಪೂರ್ತಿ ಕೊಟ್ಟೇ ಹೋದಳು.
ಆ ದುಡ್ಡಿನ ಭಾರ ಇನ್ನೂ ಇಳಿದಿಲ್ಲ.

ಎಪ್ಪತ್ತಮೂರರಲ್ಲಿ ಮತ್ತೆ ಕಸುಬು ಕಲಿಯುತ್ತಿದ್ದೇನೆ,
ಗುರುವಿಗೆ ಹನ್ನೊಂದು ವರ್ಷ.
ಕೈ ಆಟಿಕೆಯಲ್ಲ ತಾತ, ಕೋಲಿಗೆ ಉಣ್ಣೆ ಕಟ್ಟು.
ಕಚ್ಚಿದರೆ ಎಳೆಯಬೇಡ, ಕಲ್ಲಾಗು.
ಬಿಟ್ಟ ಮೇಲೆ ಎದ್ದು ಹೋಗು, ಆಟ ಮುಗಿಯಿತೆಂದು ಅದಕ್ಕೆ ತಿಳಿಯಲಿ.
ಹೊಡೆದೆಯೋ, ನನ್ನ ಕೂಡ ಮಾತಾಡಬೇಡ.
ಲಗಾಮಿನ ಹಳೆ ಹಗ್ಗವನ್ನೆಲ್ಲ ಕಂಬಕ್ಕೆ ಸುತ್ತಿಸಿದಳು,
ನೀನು ಪರಚಲಿ ಎಂದು.
ಬಾಗಿಲನ್ನೂ ಪರಚುತ್ತೀಯ. ಇರಲಿ.

ಮೊದಲ ವಾರ ಬರೀ ಪಾದ ಮುಟ್ಟಿದೆ, ಬಿಟ್ಟೆ,
ಒಂದು ಚೂರು ಬೆಂದ ಮೀನು.
ಎರಡನೆಯ ವಾರ ಬೆರಳಿನ ಮೆತ್ತೆ ಒತ್ತಿದೆ,
ಒರೆಯಿಂದ ಚೂರಿಯಂತೆ ಉಗುರು ಬಂತು.
ಕತ್ತರಿ ಮೇಜಿನ ಮೇಲೇ ಇತ್ತು.
ಆಮೇಲೆ ದಿನಕ್ಕೆ ಮೂರು, ದಿನಕ್ಕೆ ನಾಲ್ಕು,
ದೀಪ ಹಿಂದಿಟ್ಟು, ಕನ್ನಡಕ ಮೂಗಿಗೇರಿಸಿ.
ನಸುಗೆಂಪು ನಿನ್ನದು,
ಅದರಾಚೆಯ ಕೊಕ್ಕೆಯ ತುದಿಯಷ್ಟೇ ನನ್ನದು.
ಬಾಲ ನೆಲ ಬಡಿದರೆ ನಿಲ್ಲಿಸಿದೆ.
ಕುದುರೆಗೂ ಹೀಗೇ ಕಾಯುತ್ತಿದ್ದೆ,
ಹೊಗಳಿಕೆ ಕೇಳಿ ಕೇಳಿ ಮರೆತಿದ್ದೆ.

ಹದಿನೇಳು ಆದವು.
ಇವತ್ತು ಕೊನೆಯದು, ಹಿಂಗಾಲಿನ ಅದೇ ಉಗುರು.
ಮುಟ್ಟಿದೆ. ಎಳೆದುಕೊಂಡೆ.
ಇನ್ನೊಮ್ಮೆ ಮುಟ್ಟಿದೆ.
ನೀನು ಗುರುಗುಟ್ಟಲಿಲ್ಲ, ಪರಚಲಿಲ್ಲ,
ಕತ್ತು ತಿರುಗಿಸಿ ನೋಡಿದೆ.

ಸರಿ, ಹೋಗು.
ಕತ್ತರಿ ಡಬ್ಬಿಗೆ.
ಮೀನಿನ ಚೂರು ಹೇಗೂ ನಿನ್ನದೇ, ತಿಂದೆ, ಇಳಿದೆ,
ಹಲಗೆಯ ನೆಲದ ಮೇಲೆ ಹೊರಟೆ,
ಟಿಕ್, ಆಮೇಲೆ ಏನೂ ಇಲ್ಲ,
ಟಿಕ್, ಆಮೇಲೆ ಏನೂ ಇಲ್ಲ,
ಮೂರು ಲಾಳ ಕಳಚಿ
ಒಂದರಲ್ಲೇ ಮನೆಗೆ ಬರುವ ಕುದುರೆಯ ಹಾಗೆ.